ಮುಪ್ಪು ತರುವ ವಸ್ತುವನ್ನು ಕರುಳು ತಾನೇ ಏಕೆ ತಯಾರಿಸುತ್ತದೆ?

ಪ್ರಶ್ನೆ – ಪಿಯು ಉಪನ್ಯಾಸಕಿ:
ಪಠ್ಯದ ಆಚೆಗಿನ ವಿಷಯವೆಂದು, 1956ರಲ್ಲಿ ಡೆನ್ಹಂ ಹಾರ್ಮನ್ ಮಂಡಿಸಿದ ಸಿದ್ಧಾಂತವನ್ನು ತರಗತಿಯಲ್ಲಿ ಹೇಳಿದ್ದೆ. ಜೀವಕೋಶದ ಉಸಿರಾಟದಲ್ಲಿ ಹುಟ್ಟುವ, ಸಿಕ್ಕಿದ್ದರೊಂದಿಗೆ ಥಟ್ಟನೆ ಪ್ರತಿಕ್ರಿಯಿಸುವ ಮುಕ್ತ ರ್‍ಯಾಡಿಕಲ್‌ಗಳು ಡಿಎನ್‌ಎ, ಪ್ರೋಟೀನು, ಕೊಬ್ಬುಗಳನ್ನು ಕೆಡಿಸುತ್ತಾ ಹೋಗುವುದರಿಂದ ಮುಪ್ಪು ಬರುತ್ತದೆ ಎಂಬುದು ಅದರ ತಿರುಳು. ಮಾರನೆಯ ವಾರ ರೋಗನಿರೋಧಕ ಶಕ್ತಿಯ ಪಾಠದಲ್ಲಿ, ಬಿಳಿ ರಕ್ತಕಣಗಳು ಅದೇ ಬಗೆಯ ವಸ್ತುಗಳನ್ನು ಬೇಕೆಂದೇ ತಯಾರಿಸಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಹೋದ ವಾರ ವಿಷ, ಈ ವಾರ ಮದ್ದು. ಯಾವುದನ್ನು ಬರೆದುಕೊಳ್ಳಲಿ?" ಎಂದು ಕೇಳಿದಳು. ಹ್ಯೂಸ್ಟನ್‌ನ ವಿಜ್ಞಾನಿ ಡ್ಯಾನಿಯೆಲ್ ಗಾರ್ಸಿನ್ ಅವರು ಉತ್ಕರ್ಷಣ ಒತ್ತಡ (ಮೇಲೆ ಹೇಳಿದ ಬಗೆಯ ವಸ್ತುಗಳು ಮಿತಿಮೀರುವ ಸ್ಥಿತಿ) ಮತ್ತು ಕರುಳಿನ ಸೋಂಕಿನ ನಂಟನ್ನು ಹುಳುಗಳಲ್ಲಿ ಅಭ್ಯಾಸ ಮಾಡಿದ್ದಾರೆಂದು ತಿಳಿಯಿತು. ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 – ಹುಳು ಎಣಿಸಿದವನು:
ಮೇಡಂ, ಆ ಹುಡುಗಿ ಎರಡನ್ನೂ ಬರೆದುಕೊಳ್ಳಲಿ. ಗಾರ್ಸಿನ್ ಅವರ ಪ್ರಯೋಗಗಳಲ್ಲಿ ಬಳಕೆಯಾಗುವ ಸಿ. ಎಲೆಗನ್ಸ್ ಎಂಬ ದುಂಡುಹುಳುವಿನ ಉದ್ದ ಒಂದು ಮಿಲಿಮೀಟರ್, ಆಯಸ್ಸು ಸುಮಾರು ಮೂರು ವಾರ, ಕರುಳಿನಲ್ಲಿರುವುದು ಕೇವಲ 20 ಜೀವಕೋಶಗಳು. ಆಸ್ಪತ್ರೆಗಳಲ್ಲಿ ಕಾಟ ಕೊಡುವ ಎಂಟೆರೋಕಾಕಸ್ ಫೀಕಾಲಿಸ್ ಬ್ಯಾಕ್ಟೀರಿಯಾವನ್ನು ಅಗರ್ ತಟ್ಟೆಯಲ್ಲಿ ಬೆಳೆಸಿ ಹುಳುಗಳನ್ನು ಬಿಟ್ಟರೆ, ಅವು ಅದನ್ನೇ ಮೇಯ್ದು, ಕರುಳು ಉಬ್ಬಿ, ಕೆಲವೇ ದಿನಗಳಲ್ಲಿ ಸಾಯುತ್ತವೆ. ಎಂಎಸ್ಸಿಯಲ್ಲಿದ್ದಾಗ ನಾನೂ ಸಿ. ಎಲೆಗನ್ಸ್ ತಟ್ಟೆಗಳನ್ನು ಎಣಿಸಿದ್ದೇನೆ. ಸೂಕ್ಷ್ಮದರ್ಶಕದಡಿ ಪ್ಲಾಟಿನಂ ತಂತಿಯ ತುದಿಯಿಂದ ಒಂದೊಂದನ್ನೂ ಮೆಲ್ಲಗೆ ಮುಟ್ಟಬೇಕು. ಮಿಸುಕದಿದ್ದರೆ ಸತ್ತಿದೆ ಎಂದು ಬರೆದುಕೊಳ್ಳಬೇಕು. (ಕತ್ತುನೋವು ಈಗಲೂ ನೆನಪಿದೆ.)

ಇನ್ಸುಲಿನ್‌ನಂಥ ಹಾರ್ಮೋನಿನ ಸಂದೇಶ ಪಡೆಯಲು ಬೇಕಾದ ಡ್ಯಾಫ್-2 ಜೀನ್ ಕೆಟ್ಟ ಹುಳುಗಳು ಎರಡು ಪಟ್ಟು ಬದುಕುತ್ತವೆಂದು 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ತೋರಿಸಿತ್ತು. ಆ ದೀರ್ಘಾಯುಷಿ ಹುಳುಗಳು ಸೋಂಕನ್ನೂ ಹೆಚ್ಚು ತಾಳಿಕೊಳ್ಳುತ್ತವೆಂಬುದು 2003ರಲ್ಲಿ ಗಾರ್ಸಿನ್ ಮತ್ತು ಸಂಗಡಿಗರ ಪ್ರಬಂಧದಿಂದ ತಿಳಿಯಿತು. ಏಕೆಂಬುದಕ್ಕೆ ಉತ್ತರದ ಒಂದು ಭಾಗ 2007ರಲ್ಲಿ ಸಿಕ್ಕಿತು: ಸೋಂಕು ತಗುಲಿದಾಗ ಹುಳು ತಾನೇ ಉತ್ಕರ್ಷಕ ವಸ್ತುಗಳನ್ನು, ಅಂದರೆ ಆ ಹುಡುಗಿ ಕೇಳಿದ ಅದೇ ಬಗೆಯ ವಸ್ತುಗಳನ್ನು, ತಯಾರಿಸುತ್ತದೆ, ಆದರೆ ಅವು ತನ್ನ ಮೈಯನ್ನೇ ಸುಡದಂತೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಎಂಬ ಕಿಣ್ವಗಳನ್ನೂ ಸಜ್ಜುಗೊಳಿಸಿಕೊಳ್ಳುತ್ತದೆ, ಆ ಕಿಣ್ವಗಳಿಲ್ಲದಿದ್ದರೆ ಸೋಂಕನ್ನು ತಾಳುವ ಶಕ್ತಿಯೇ ಕುಗ್ಗುತ್ತದೆ. ನನಗೆ ಇನ್ನೂ ಸ್ವಾರಸ್ಯವೆನಿಸಿದ್ದು 2011ರ ಕೆಲಸ. ಬಿಎಲ್‌ಐ-3 ಎಂಬ ಕಿಣ್ವ ತಯಾರಿಸುವ ಉತ್ಕರ್ಷಕಗಳೇ, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಎಸ್‌ಕೆಎನ್-1 ಪ್ರೋಟೀನಿಗೆ ಸಂಕೇತವಾಗುತ್ತವೆ. ಬಾಣ ಬಿಟ್ಟ ಸದ್ದಿಗೇ ಗುರಾಣಿ ಮೇಲೇಳುತ್ತದೆ ಎನ್ನಬಹುದು.

ಉತ್ತರ 2 – ನಿವೃತ್ತ ಪ್ರಾಧ್ಯಾಪಕ:
ಹಾರ್ಮನ್ ಅವರ ಸಿದ್ಧಾಂತವನ್ನು ಇಂದು ಹಾಗೆಯೇ ಕಲಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವ್ಯಾನ್ ರಾಮ್ಸ್‌ಡಾಂಕ್ ಮತ್ತು ಹೆಕಿಮಿ ಅವರು ಇದೇ ಹುಳುವಿನ ಐದೂ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಜೀನ್‌ಗಳನ್ನು ತೆಗೆದುಹಾಕಿದರೂ ಅದರ ಆಯಸ್ಸು ಕುಗ್ಗಲಿಲ್ಲವೆಂದು 2012ರಲ್ಲಿ ವರದಿ ಮಾಡಿದರು. ಆದರೆ ಹೊರಗಿನಿಂದ ಒತ್ತಡ ಬಿದ್ದಾಗ ಆ ಹುಳುಗಳು ಬೇಗ ಸೋತವು. ಹಾಗಾಗಿ ಈ ಕಿಣ್ವಗಳ ಬೆಲೆ ಗೊತ್ತಾಗುವುದು ಕಷ್ಟಕಾಲದಲ್ಲಿ. ಸೋಂಕೂ ಅಂಥದ್ದೇ ಕಾಲ.

ಉತ್ತರ 3 – ಸೂಕ್ಷ್ಮಜೀವಿ ವಿಭಾಗ:
ಈ ಅಸ್ತ್ರ ಕೆಲವೊಮ್ಮೆ ವೈರಿಗೇ ಒದಗುತ್ತದೆ ಎಂಬುದನ್ನೂ ಸೇರಿಸಬೇಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಕರುಳು ಉರಿಯೂತಗೊಂಡಾಗ ಹುಟ್ಟುವ ಉತ್ಕರ್ಷಕಗಳು ಅಲ್ಲಿನ ಥಯೋಸಲ್ಫೇಟ್ ಎಂಬ ಗಂಧಕದ ಸಂಯುಕ್ತವನ್ನು ಟೆಟ್ರಾಥಯೋನೇಟ್ ಆಗಿ ಮಾರ್ಪಡಿಸುತ್ತವೆ. ಸಾಲ್ಮೊನೆಲ್ಲಾ ಅದನ್ನು ಆಮ್ಲಜನಕದ ಬದಲಿಗೆ ಉಸಿರಾಟಕ್ಕೆ ಬಳಸಿಕೊಂಡು, ಕರುಳಿನ ಕಾಯಂ ಬ್ಯಾಕ್ಟೀರಿಯಾಗಳನ್ನು ಹಿಂದಿಕ್ಕಿ ಬೆಳೆಯುತ್ತದೆ. ಆಂಡ್ರಿಯಾಸ್ ಬಾಯ್ಮ್‌ಲರ್ ತಂಡ ಇದನ್ನು 2010ರಲ್ಲಿ ಇಲಿಗಳಲ್ಲಿ ತೋರಿಸಿತು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಸೋಮವಾರ ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಕ್ಯಾಟಲೇಸ್ ಅದನ್ನು ಒಡೆಯುವಾಗ ಏಳುವ ನೊರೆಯನ್ನು ತೋರಿಸಿ ಪಾಠ ಆರಂಭಿಸೋಣವೆಂದಿದ್ದೇನೆ.

ಉತ್ತರ 1 ಬರೆದವರಿಂದ:
ಚೆನ್ನಾಗಿ ಬೇಯಿಸಿ ಆರಿಸಿದ ಒಂದು ಹೋಳನ್ನೂ ಪಕ್ಕದಲ್ಲಿಡಿ, ಮೇಡಂ. ಕಿಣ್ವ ಕೆಟ್ಟಿರುವುದರಿಂದ ಅದರ ಮೇಲೆ ನೊರೆ ಏಳುವುದಿಲ್ಲ. ಏಕೆಂದು ಆ ಹುಡುಗಿಯನ್ನೇ ಕೇಳಿ.