ಮನೆ ಬಿಡೋಕೆ 18 ದಿನ ಇದೆ, ಬೀರು ಮಂಚ ಫ್ರಿಜ್ಜು ಎಲ್ಲಾ ಹೇಗೆ ಮಾರೋದು?

ಖಾಲಿಮನೆ:
ಎಲ್ರಿಗೂ ನಮಸ್ಕಾರ. 18 ದಿನದಲ್ಲಿ ಮನೆ ಬಿಡ್ಬೇಕು, ಹೋಗ್ತಿರೋ ಮನೆ ಇದರ ಅರ್ಧ ಇದೆ. ಮಾರಬೇಕಾಗಿರೋದು ಮೂರು ಬಾಗಿಲಿನ ಬೀರು (ಅಪ್ಪಟ ತೇಗ, ಅಪ್ಪ ಮಾಡಿಸಿದ್ದು), ಡಬಲ್ ಮಂಚ, ಊಟದ ಮೇಜು ಜೊತೆಗೆ ಆರು ಕುರ್ಚಿ, ಫ್ರಿಜ್ಜು, ವಾಷಿಂಗ್ ಮಷೀನ್, ಹಾಸಿಗೆ ಎರಡು, ಪಾತ್ರೆ ಪುಸ್ತಕ ಅಂತ ನಾಲ್ಕೈದು ಡಬ್ಬ. ಆನ್‌ಲೈನಲ್ಲಿ ಒಂದೊಂದಾಗಿ ಹಾಕ್ಲಾ, ಹಳೇ ಸಾಮಾನು ತಗೊಳ್ಳೋರಿಗೆ ಒಟ್ಟಿಗೆ ಕೊಟ್ಟುಬಿಡ್ಲಾ, ಇಲ್ಲಾ ಒಂದು ಭಾನುವಾರ ಬಾಗಿಲು ತೆಗೆದಿಟ್ಟು ಪರಿಚಯದವರನ್ನೆಲ್ಲ ಕರೀಲಾ? ವ್ಯಾಪಾರಿ ಒಬ್ರು ಬಂದು ನೋಡಿ ಹೇಳಿದ ರೇಟು ಕೇಳಿ ರಾತ್ರಿ ನಿದ್ದೆ ಬರ್ಲಿಲ್ಲ.

ಬಿಡಿಬಿಡಿ:
ಒಟ್ಟಿಗೆ ಮಾತ್ರ ಕೊಡಬೇಡಿ. ಹೊರೋ ಕೂಲಿ, ಗಾಡಿ ಬಾಡಿಗೆ, ಗೋಡೌನ್ ಜಾಗ, ಪಾಲಿಶ್, ಮೇಲೆ ಅವನ ಲಾಭ, ಎಲ್ಲಾ ನಿಮ್ಮ ರೇಟಿಂದಲೇ ಕಟ್ ಆಗೋದು. ಒಂದೊಂದಾಗಿ ಹಾಕಿ. ಮೊದಲನೇ ಸಾಲಲ್ಲೇ ಉದ್ದ ಅಗಲ ಎತ್ತರ ಬರೀರಿ, ಬೆಳಕಿರುವಾಗ ಫೋಟೋ ತೆಗೀರಿ, ಗೀರು ಇದ್ರೆ ಅದರದ್ದೂ ಹತ್ತಿರದಿಂದ ಒಂದು ಹಾಕಿ. ನಾನು ಎರಡು ಸಲ ಮನೆ ಬದಲಾಯಿಸಿದೀನಿ, ಎರಡೂ ಸಲ ಹೀಗೇ ಮಾರಿದ್ದು.

ಲೆಕ್ಕದಮ್ಮ:
"ಒಂದೊಂದಾಗಿ ಹಾಕಿ" ಅನ್ನೋದು ಸುಲಭ. ಹನ್ನೆರಡು ಸಾಮಾನು, ಒಂದೊಂದಕ್ಕೂ "ಇದೆಯಾ", "ಲಾಸ್ಟ್ ಎಷ್ಟು" ಅಂತ ಇಪ್ಪತ್ತು ಜನ, ಅದ್ರಲ್ಲಿ ಬರ್ತೀನಿ ಅಂದೋರು ಐದು, ಬಂದೋರು ಒಬ್ರು. 18 ದಿನ ಇವರು ಸಾಮಾನು ಕಟ್ಟೋದಾ ಮೆಸೇಜಿಗೆ ಉತ್ತರ ಕೊಡೋದಾ? ನಿದ್ದೆ ಬರದೇ ಇರೋದಕ್ಕೆ ಕಾರಣ ವ್ಯಾಪಾರಿ ಅಲ್ಲ. ಕಾನೆಮನ್, ನೆಟ್ಷ್, ಥೇಲರ್ ಅಂತ ಮೂವರು ಸಂಶೋಧಕರು 1990ರಲ್ಲಿ ಪ್ರಯೋಗ ಮಾಡಿದ್ರು, ಅರ್ಧ ಜನಕ್ಕೆ ಕಾಫಿ ಮಗ್ ಕೊಟ್ಟು ಎಷ್ಟಕ್ಕೆ ಮಾರ್ತೀರಿ ಅಂದ್ರು, ಮಗ್ ಸಿಗದವರನ್ನ ಎಷ್ಟಕ್ಕೆ ಕೊಳ್ತೀರಿ ಅಂದ್ರು. ಮಾರೋರು ಹೇಳಿದ್ದು ಕೊಳ್ಳೋರು ಹೇಳಿದ್ದರ ಸುಮಾರು ಎರಡರಷ್ಟು. ಕೈಗೆ ಬಂದು ಸ್ವಲ್ಪ ಹೊತ್ತಾಗಿದ್ದ ಮಗ್ಗಿಗೇ ಹಾಗೆ, ಅಪ್ಪ ಮಾಡಿಸಿದ ಬೀರಿಗೆ ಹೇಗಿರಬೇಡ.

ಬಿಡಿಬಿಡಿ:
ಮಗ್ಗು ಬೀರು ಒಂದೇನಾ ಮೇಡಂ? ನೀವು ಹೆಸರು ಹೇಳಿದ್ರಿ ಅಂತ ನಾನೂ ಹೇಳ್ತೀನಿ, 1995ರಲ್ಲಿ ಇಬೇ ಅನ್ನೋ ಆನ್‌ಲೈನ್ ಹರಾಜಿನ ಸೈಟು ಶುರುವಾದಾಗ ಅದನ್ನ ಕಟ್ಟಿದ ಪಿಯರ್ ಒಮಿಡ್ಯಾರ್ ಮೊದಲು ಮಾರಿದ್ದು ಕೆಟ್ಟುಹೋಗಿದ್ದ ಲೇಸರ್ ಪಾಯಿಂಟರ್. ಕೆಟ್ಟಿದ್ದಕ್ಕೂ ಒಬ್ಬ ಗಿರಾಕಿ ಇದ್ದ. ನಾಲ್ಕು ಜನಕ್ಕೆ ಕಾಣೋ ಹಾಗೆ ಇಟ್ರೆ ಬೇಕಾದವನು ಬಂದೇ ಬರ್ತಾನೆ.

ಲೆಕ್ಕದಮ್ಮ:
ಪಾಯಿಂಟರ್‌ನ ಕವರಲ್ಲಿ ಹಾಕಿ ಪೋಸ್ಟ್ ಮಾಡಬಹುದು. ಬೀರು ಹೊರೋಕೆ ನಾಲ್ಕು ಆಳು ಬೇಕು.

ಕಟಿಗಿ_ಕೆಲಸ:
ನಾ ಇಪ್ಪತ್ತೆರಡು ವರ್ಷದಿಂದ ಬಡಿಗತನ ಮಾಡ್ತೀನ್ರಿ. ಎಲ್ಲಾರೂ ರೇಟಿನ ಮಾತೇ ಆಡಾಕತ್ತೀರಿ, "ಅಪ್ಪಟ ತೇಗ" ಅಂದದ್ದು ಖರೇ ಐತೇನು ಅಂತ ಒಬ್ಬರರೆ ಕೇಳಿದ್ರೇನು? ಸಾಗವಾನಿ ಅಂತ ಹೇಳಿ ರಿಪೇರಿಗೆ ತಂದ ಬೀರು ನಾ ಭಾಳ ಬಿಚ್ಚೀನಿ, ಒಳಗ ಪ್ಲೈವುಡ್, ಮ್ಯಾಲ ಕಾಗದದಷ್ಟು ವೆನೀರ್, ಅಂದ್ರ ತೆಳ್ಳಗ ಸೀಳಿ ಅಂಟಿಸಿದ ಕಟಿಗಿ ಪದರ. ಅಪ್ಪಟ ಅಂತ ಬರದು ಹಾಕಿ, ಗಿರಾಕಿ ಬಂದು ಅಂಚು ನೋಡಿದ ಅಂದ್ರ ಉಳಿದ ಸಾಮಾನಿನ ಮ್ಯಾಲೂ ನಂಬಿಕಿ ಹೋಗತೈತಿ.

ಖಾಲಿಮನೆ:
ಅಣ್ಣಾ, ನಮ್ಮಪ್ಪ ಸುಳ್ಳು ಹೇಳಿದ್ರು ಅಂತೀರಾ? ಮರ ತಂದು ಮನೆ ಮುಂದೆನೇ ಕೂತು ಮಾಡಿಸಿದ್ದು, ಆ ಹೊಟ್ಟಿನ ವಾಸನೆ ನಂಗೆ ಇವತ್ತಿಗೂ ನೆನಪಿದೆ.

ಕಟಿಗಿ_ಕೆಲಸ:
ನಿಮ್ಮ ಅಪ್ಪಾರ ಬಗ್ಗೆ ನಾ ಒಂದು ಮಾತೂ ಅಂದಿಲ್ರಿ ತಂಗಿ. ನೋಡೂದು ಹೆಂಗ ಅಂತ ಹೇಳ್ತೀನಿ ಕೇಳ್ರಿ. ಬಾಗಲಾ ತಗದು ಅದರ ಮ್ಯಾಲಿನ ಅಂಚಿಗೆ ಟಾರ್ಚ್ ಹಿಡೀರಿ. ಗಟ್ಟಿ ಕಟಿಗಿ ಆದ್ರ ಮುಖದ ಮ್ಯಾಲಿನ ಗೆರಿ ಅಂಚಿನಾಗೂ ಇಳಿದಿರತಾವ. ವೆನೀರ್ ಆದ್ರ ಗೆರಿ ಅಲ್ಲೇ ಕಡದು, ಅಂಚಿಗೆ ಬ್ಯಾರೆ ಪಟ್ಟಿ ಅಂಟಿಸಿರತಾರ, ಉಗುರಿಗೆ ಸಿಗತೈತಿ. ಹಿಂದಿನ ಹಲಗಿನೂ ನೋಡ್ರಿ, ಅಲ್ಲಿ ಯಾರೂ ಪಾಲಿಶ್ ಮಾಡಿರಂಗಿಲ್ಲ.

ಸುಮತಿ_ಕೆ:
"ಕಾಗದದಷ್ಟು ವೆನೀರ್" ಅಂತ ಅಷ್ಟು ಹಗುರವಾಗಿ ಹೇಳ್ಬೇಡಿ. ಪ್ರಾಚೀನ ಈಜಿಪ್ಟಿನವರೇ ಒಳ್ಳೇ ಮರನ ತೆಳುವಾಗಿ ಸೀಳಿ ಅಂಟಿಸ್ತಿದ್ರು. ಗಟ್ಟಿ ಹಲಗೆ ತೇವಕ್ಕೆ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ, ಸೀಳು ಬಿಡುತ್ತೆ. ಪ್ಲೈವುಡ್ಡಲ್ಲಿ ಪದರಗಳನ್ನ ಅಡ್ಡ ಉದ್ದ ಇಟ್ಟು ಅಂಟಿಸಿರ್ತಾರೆ, ಹಾಗಾಗಿ ಅಷ್ಟು ಅಲ್ಲಾಡಲ್ಲ. ವೆನೀರ್ ಅಂದ ತಕ್ಷಣ ಮೋಸ ಅನ್ನೋದು ತಪ್ಪು.

ಕಟಿಗಿ_ಕೆಲಸ:
ಮೋಸ ಅಂತ ನಾ ಎಲ್ಲೆ ಅಂದೀನ್ರಿ? "ಅಪ್ಪಟ" ಅನ್ನಬ್ಯಾಡ್ರಿ ಅಂದೆ. ಈಜಿಪ್ಟಿನವರು ನನ್ನ ಕಡೆ ರಿಪೇರಿಗೆ ಬರೂದಿಲ್ಲ.

ಗುರುಪ್ರಸಾದ:
ತೇಗಕ್ಕೆ ಹುಳನೇ ಹಿಡಿಯಲ್ಲ, ಹುಳ ಇದ್ರೆ ಅದು ತೇಗ ಅಲ್ಲ. ಇಷ್ಟಕ್ಕೆ ಟಾರ್ಚ್ ಯಾಕೆ.

ಕಟಿಗಿ_ಕೆಲಸ:
ಹುಳಾ ಹಿಡಿಯಂಗಿಲ್ಲ ಅನ್ನೂದು ಒಳಗಿನ ಚೇಗಿಗೆ. ಹೊರಗಿನ ಬಿಳಿ ಭಾಗ ಸೇರಿಸಿ ಕೊಯ್ದಿದ್ರ ಸಾಗವಾನಿಗೂ ಕುಟ್ಟಿ ಹಿಡೀತೈತಿ. ತೂತಿನ ಕೆಳಗ ಹಿಟ್ಟಿನಂಥಾ ಹೊಸಾ ಪುಡಿ ಬಿದ್ದಿದ್ರ ಹುಳಾ ಇನ್ನೂ ಒಳಗೈತಿ ಅಂತ ತಿಳೀರಿ, ಅದನ್ನ ಮೊದಲ ಹೇಳಿ ಮಾರ್ರಿ.

ಗುರುಪ್ರಸಾದ:
ನಮ್ಮನೇಲಿ ನಲವತ್ತು ವರ್ಷದ ತೇಗದ ಮಂಚ ಇದೆ ಸ್ವಾಮಿ, ಒಂದು ತೂತಿಲ್ಲ. ಕಣ್ಣಾರೆ ಕಂಡಿದ್ದು ಬಿಟ್ಟು ನಿಮ್ಮ ಮಾತು ಕೇಳ್ಬೇಕಾ?

ಸುಮತಿ_ಕೆ:
ಒಂದು ಮಂಚ ನೋಡಿ ಎಲ್ಲಾ ಮರಕ್ಕೂ ತೀರ್ಪು ಕೊಡ್ತೀರಲ್ಲ!

ಗುರುಪ್ರಸಾದ:
ನೀವು ಈಜಿಪ್ಟು ನೋಡಿ ಬಂದಿದೀರಾ?

ದಾರಿಹೋಕ:
ಫ್ರಿಜ್ಜಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಗಿರಾಕಿ ಬರೋವರೆಗೂ ಆಫ್ ಮಾಡ್ಬೇಡಿ, ಐಸ್ ಕಟ್ಟಿರೋದು ಅವರ ಕಣ್ಣಿಗೆ ಬೀಳ್ಬೇಕು. ಸಾಗಿಸೋವಾಗ ನಿಲ್ಲಿಸೇ ಸಾಗಿಸಿ, ಮಲಗಿಸಿದ್ರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಹೋಗುತ್ತೆ, ಆಮೇಲೆ ಕೆಲವು ಗಂಟೆ ನೆಟ್ಟಗೆ ಇಟ್ಟೇ ಆನ್ ಮಾಡ್ಬೇಕು, ಇದನ್ನ ಕೊಂಡವರಿಗೆ ಹೇಳದೇ ಇದ್ರೆ ಎರಡೇ ದಿನಕ್ಕೆ ಕೆಟ್ಟಿದ್ದು ಕೊಟ್ರಿ ಅಂತ ಫೋನ್ ಬರುತ್ತೆ. ವಾಷಿಂಗ್ ಮಷೀನ್ ಫ್ರಂಟ್ ಲೋಡ್ ಆದ್ರೆ ಡ್ರಮ್ ಅಲ್ಲಾಡದ ಹಾಗೆ ಹಾಕೋ ಟ್ರಾನ್ಸಿಟ್ ಬೋಲ್ಟ್ ಹುಡುಕಿ ಇಡಿ. ಹಾಸಿಗೆ ಮಾರೋ ಆಸೆ ಬಿಡಿ, ತಿಗಣೆ ಭಯಕ್ಕೆ ಜನ ಮುಟ್ಟಲ್ಲ. ತಿಗಣೆ ಊಟ ಇಲ್ದೆ ತಿಂಗಳುಗಟ್ಟಲೆ ಬದುಕಿರುತ್ತೆ, ಭಯ ಪಡೋದ್ರಲ್ಲಿ ತಪ್ಪೇನಿಲ್ಲ.

ಬಿಡಿಬಿಡಿ:
"ಹಾಸಿಗೆ ಮಾರೋ ಆಸೆ ಬಿಡಿ" ಅಂತೆ. ನಾನು ಮಾರಿದೀನಿ. ಎರಡು ಮಾರಿದೀನಿ.

ಲೆಕ್ಕದಮ್ಮ:
ಮರದ ಜಗಳ ಸಾಕು, ಇವರಿಗೆ ದಿನ ಕಮ್ಮಿ ಆಗ್ತಿದೆ. ಕಟಿಗಿ ಅಣ್ಣ ಹೇಳ್ತಿರೋದನ್ನೇ ಜಾರ್ಜ್ ಅಕೆರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ವಿಷಯದಲ್ಲಿ ಬರೆದಿದ್ದು. ಒಳಗೇನಿದೆ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ, ಅದಕ್ಕೆ ಅವನು ಒಳ್ಳೇದಕ್ಕೂ ಕೆಟ್ಟದ್ದರ ರೇಟ್ ಕೇಳ್ತಾನೆ. ಹಾಗಾಗಿ ನಿಮ್ಮ ಬಗ್ಗೆ ಗೊತ್ತಿರೋರಿಗೇ ಮೊದಲು ಮಾರಿ, ಭಾನುವಾರ ಮನೆಗೆ ಕರೆಯೋದೇ ಸರಿ. ಉಳಿದಿದ್ದನ್ನ ವ್ಯಾಪಾರಿಗೆ ಒಟ್ಟಿಗೆ ಕೊಡಿ.

ಬಿಡಿಬಿಡಿ:
"ಗೊತ್ತಿರೋರಿಗೇ ಮೊದಲು" ಮಾರಿ ನೋಡಿ ಆಮೇಲೆ ಗೊತ್ತಾಗುತ್ತೆ! ಚಿಕ್ಕಪ್ಪನ ಮಗನಿಗೆ ಮೇಜು ಕೊಟ್ಟು ಇವತ್ತಿಗೂ ದುಡ್ಡು ಬಂದಿಲ್ಲ, ಕೇಳಿದ್ರೆ ಮಾತು ಬಿಡ್ತಾನೆ. ಅಪರಿಚಿತ ದುಡ್ಡು ಕೊಟ್ಟು ತಗೊಂಡ್ ಹೋಗ್ತಾನೆ.

ಲೆಕ್ಕದಮ್ಮ:
ಅದೇ ಅಪರಿಚಿತ ಅಡ್ವಾನ್ಸ್ ಕಳಿಸ್ತೀನಿ ಈ ಕೋಡ್ ಸ್ಕ್ಯಾನ್ ಮಾಡಿ ಅಂತಾನೆ. ನಮ್ಮ ಅತ್ತಿಗೆ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರು, ದುಡ್ಡು ಬರೋ ಬದಲು ಹೋಯ್ತು. ಪಿನ್ ಹಾಕೋದು ಕೊಡೋವಾಗ, ತಗೊಳ್ಳೋಕೆ ಪಿನ್ ಬೇಡ. ಖಾಲಿಮನೆ ಅವರೇ, ಇದೊಂದು ನೆನಪಿಟ್ಕೊಳ್ಳಿ, ಉಳಿದಿದ್ದು ಮರೆತ್ರೂ ಪರ್ವಾಗಿಲ್ಲ.

ಗುರುಪ್ರಸಾದ:
ಇನ್ನೂ ಯಾರೂ ನನ್ನ ಮಂಚಕ್ಕೆ ಉತ್ತರ ಕೊಟ್ಟಿಲ್ಲ.

ಖಾಲಿಮನೆ:
ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಬಾಗಿಲು ಮೂರೂ ಚೌಕಟ್ಟೂ ಗಟ್ಟಿ ಮರ, ಗೆರೆ ಅಂಚಿಗೂ ಇಳಿದಿದೆ. ಪಕ್ಕದ ಹಲಗೆಗಳಿಗೆ ಪಟ್ಟಿ ಅಂಟಿಸಿದಾರೆ, ಹಿಂದೆ ಪ್ಲೈವುಡ್. ಹಿಂದಿನ ಹಲಗೆ ಮೇಲೆ ಅಪ್ಪನ ಕೈಬರಹದಲ್ಲಿ ಪೆನ್ಸಿಲ್ ಲೆಕ್ಕ ಇದೆ, ಮರಕ್ಕೆ ಬೇರೆ, ಪ್ಲೈಗೆ ಬೇರೆ. ಅವರಿಗೆ ಗೊತ್ತಿತ್ತು, ನಾನೇ ಅಪ್ಪಟ ಅನ್ಕೊಂಡಿದ್ದು.

ಕಟಿಗಿ_ಕೆಲಸ:
ನಾ ಹೇಳಿದ್ದು ಅದನ್ನರಿ.

ಗುರುಪ್ರಸಾದ:
ಬಾಗಿಲು ತೇಗನೇ ಅಲ್ವಾ? ನಾನು ಹೇಳಿದ್ದೂ ಅದನ್ನೇ.

ಸುಮತಿ_ಕೆ:
ಇಷ್ಟು ವರ್ಷ ಪಕ್ಕದ ಹಲಗೆ ಸೀಳದೇ ನಿಂತಿದೆ ಅಂದ್ರೆ ಆ ಪ್ಲೈವುಡ್ಡಿಂದ. ಯಾರೂ ಒಪ್ಕೊಳ್ಳಲ್ಲ.

ಬಿಡಿಬಿಡಿ:
ಸರಿ, ಹಾಗೇ ಬರೆದು ಹಾಕಿ, ಬಾಗಿಲು ಚೌಕಟ್ಟು ತೇಗ, ಪಕ್ಕ ವೆನೀರ್, ಅಂಚಿನ ಫೋಟೋ ಸಮೇತ. ಆನ್‌ಲೈನಲ್ಲೇ.

ಖಾಲಿಮನೆ:
ಫ್ರಿಜ್ಜು ಮೇಲಿನ ಮನೆಯವರು ತಗೊಂಡ್ರು, ನಿಲ್ಲಿಸೇ ಹೊತ್ಕೊಂಡು ಹೋದ್ರು. ಮೇಜು ಕುರ್ಚಿ ವಾಷಿಂಗ್ ಮಷೀನ್ ಭಾನುವಾರಕ್ಕೆ ಇಡ್ತೀನಿ, ಹಾಸಿಗೆ ಯಾರಿಗೂ ಕೊಡಲ್ಲ. ಮಂಚ ಆನ್‌ಲೈನಲ್ಲಿ ಹಾಕಾಯ್ತು. ಬೀರು ಫೋಟೋ ತೆಗೆದೆ, ಇನ್ನೂ ಹಾಕಿಲ್ಲ. ಹೊಸ ಮನೆ ಬಾಗಿಲಲ್ಲಿ ಅದು ಹಿಡಿಯುತ್ತಾ ಅಂತ ಇನ್ನೊಂದ್ ಸಲ ಅಳತೆ ನೋಡ್ಕೊಂಡ್ ಬರ್ತೀನಿ.

ಲೆಕ್ಕದಮ್ಮ:
ಮಗ್ ಅಂದೆ, ನೆನಪಿದ್ಯಾ.