ಮುಂದಿನ ತಿಂಗಳ ಹದಿನೆಂಟು ತುಂಬತೈತಿ, ಮೊದಲ ಏನ್ ಮಾಡ್ಲಿ?

ಕೇಳಿದಾಕಿ, ಜಮಖಂಡಿ ತಾಲೂಕು

ಎಲ್ಲಾರಿಗೂ ನಮಸ್ಕಾರ್ರಿ. ಪಿಯುಸಿ ಸೆಕೆಂಡ್ ಮುಗಿಸೀನಿ. ಮುಂದಿನ ತಿಂಗಳ ನನಗ ಹದಿನೆಂಟು ತುಂಬತೈತಿ. ಅಪ್ಪ ತೀರಿಕೊಂಡು ಭಾಳ ವರ್ಷ ಆತು. ಹೊಲದ ಉತಾರದಾಗ (ಪಹಣಿಯಾಗ) ಕಾಕಾ ಅವರ ಹೆಸರಿನ ಕೂಡ ನನ್ನ ಹೆಸರೂ ಐತಿ, ಆದ್ರ ಅಪ್ರಾಪ್ತ, ಪಾಲಕಿ ತಾಯಿ ಅಂತ ಬರದಾರ. ಬ್ಯಾಂಕ್ ಖಾತೇನೂ ಹಂಗ ಐತಿ. ಕಾಕಾ ‘ಹದಿನೆಂಟು ಆದ ಕೂಡ್ಲೆ ರಿಜಿಸ್ಟರ್ ಆಫೀಸಿಗೆ ಒಮ್ಮಿ ಬಂದು ಸಹಿ ಮಾಡಿ ಹೋಗವ್ವ, ಹೆಸರು ಸರಿ ಮಾಡಿಸೂದೈತಿ’ ಅನ್ನಾಕತ್ತಾರ. ನಮ್ಮ ಅತ್ತಿ ‘ಇನ್ನ ಲಗ್ನ ಮಾಡಾಕ ಕೇಸಿನ ಅಂಜಿಕಿ ಇಲ್ಲ’ ಅಂತಾರ. ನನಗ ಡಿಗ್ರಿ ಓದೂದೈತಿ. ಈ ವಯಸ್ಸು ದಾಟಿದವರು, ಮಕ್ಕಳನ್ನ ದಾಟಿಸಿದವರು, ನಿಮ್ಮ ಅನುಭವ ಹೇಳ್ರಿ. ಯಾವುದು ಮೊದಲ ಮಾಡಬೇಕು, ಯಾವುದಕ್ಕ ಅವಸರ ಬ್ಯಾಡ?

ಬಾಗಲಕೋಟೆ ನವನಗರ, ವಕೀಲರ ಕಚೇರಿಯಲ್ಲಿ ಗುಮಾಸ್ತ

ತಂಗೀ, ಬ್ಯಾಂಕು, ಲೈಸನ್ಸು ಎಲ್ಲ ನಿಧಾನಕ್ಕೆ ಆದೀತು. ಕಾಕಾ ಹೇಳಿದ ಆ ಸಹಿಯ ವಿಷಯ ಮೊದಲು ತಿಳಿದುಕೋ.

ಈಗ ನಿನ್ನ ಸಹಿಗೆ ಬಲ ಇಲ್ಲ. ಅಪ್ರಾಪ್ತರು ಮಾಡಿದ ಕರಾರು ಮೊದಲಿನಿಂದಲೇ ಅಸಿಂಧು ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯ) ತೀರ್ಪು ಕೊಟ್ಟಿದೆ. ಇಷ್ಟು ವರ್ಷ ಯಾರೂ ನಿನ್ನ ಸಹಿ ಕೇಳದಿರಲು ಅದೇ ಕಾರಣ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆ ಪ್ರಕಾರ ಹದಿನೆಂಟನೇ ಹುಟ್ಟುಹಬ್ಬದ ದಿನ ಶುರುವಾಗುತ್ತಲೇ ನೀನು ವಯಸ್ಕಳು. ಅಂದಿನಿಂದ ಅದೇ ಸಹಿ ಹೊಲ ಕೊಡಬಲ್ಲದು, ಸಾಲ ತರಬಲ್ಲದು, ಹಕ್ಕು ಬಿಟ್ಟುಕೊಡಬಲ್ಲದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಉತಾರದಲ್ಲಿ ‘ಅಪ್ರಾಪ್ತ’ ಎಂದಿರುವುದನ್ನು ತೆಗೆಸಲು ಉಪನೋಂದಣಿ ಕಚೇರಿಗೆ ಹೋಗುವ ಅಗತ್ಯವೇ ಇಲ್ಲ. ಅದು ಕಂದಾಯ ಇಲಾಖೆಯ ಕೆಲಸ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಹಿಡಿದು ನಿಮ್ಮ ತಲಾಟಿಯನ್ನು (ಗ್ರಾಮ ಲೆಕ್ಕಿಗರನ್ನು) ಕಂಡು ತಾಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಅರ್ಜಿ ಕೊಟ್ಟರೆ ಆಯಿತು. ಉಪನೋಂದಣಿ ಕಚೇರಿಗೆ ಬಾ ಎಂದರೆ, ಅಲ್ಲಿ ಆಗುವುದು ಬೇರೆ ಕೆಲಸ. ಹಕ್ಕು ಬಿಡುಗಡೆ ಪತ್ರ ಇರಬಹುದು, ವಾಟ್ನಿ (ಆಸ್ತಿ ಪಾಲು ಮಾಡುವ) ಪತ್ರ ಇರಬಹುದು, ಖರೀದಿ ಪತ್ರ ಇರಬಹುದು, ನಿನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖ್ತ್ಯಾರ್ ಪತ್ರವೂ ಇರಬಹುದು. ವಾಟ್ನಿ ಆದರೆ ನಿನ್ನ ಪಾಲು ನಿನ್ನ ಹೆಸರಿಗೆ ಬರುತ್ತದೆ. ಬಿಡುಗಡೆ ಪತ್ರವಾದರೆ ಪಾಲೇ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಅದೇ ಛಾಪಾ ಕಾಗದ, ಅದೇ ಹೆಬ್ಬೆಟ್ಟು, ಅದೇ ಫೋಟೊ. ‘ಹೆಸರು ಸರಿ ಮಾಡಾಕ ಅಂತ ಕರಕೊಂಡು ಹೋಗಿದ್ರು’ ಎಂದು ಹೇಳಿಕೊಂಡು ಬರುವ ಹೆಣ್ಣುಮಕ್ಕಳು ನಮ್ಮ ಕಚೇರಿಗೆ ಹೊಸಬರಲ್ಲ. ನೋಂದಣಿಯಾದ ಪತ್ರ ರದ್ದು ಮಾಡಿಸಬೇಕೆಂದರೆ ಸಿವಿಲ್ ಕೋರ್ಟಿಗೆ ಹೋಗಿ ಮೋಸವನ್ನೋ ಒತ್ತಾಯವನ್ನೋ ಸಾಬೀತು ಮಾಡಬೇಕು. ಅದಕ್ಕೆ ವರ್ಷಗಳು ಬೇಕು.

ಕಾಕಾ ಅವರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ಆದರೂ ಕಾಗದದ ಕರಡು ಮೊದಲೇ ಕೈಗೆ ಬರಲಿ. ಮೇಲೆ ಬರೆದ ಪತ್ರದ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ, ನಿನಗೆ ಹಣ ಮುಟ್ಟಿದೆ ಎಂದು ಎಲ್ಲಾದರೂ ಬರೆದಿದ್ದಾರೆಯೇ, ಇವಿಷ್ಟನ್ನು ಎರಡು ಸಲ ಓದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಆ ಕಾನೂನಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ನೀನು ಚಿಕ್ಕವಳಿದ್ದಾಗ ನಿನ್ನ ಹೆಸರಿನ ಸ್ವಂತ ಆಸ್ತಿಯನ್ನು ಪಾಲಕರು ಕೋರ್ಟಿನ ಅನುಮತಿ ಇಲ್ಲದೆ ಮಾರಿದ್ದರೆ, ಹದಿನೆಂಟು ತುಂಬಿದ ಮೇಲೆ ಮೂರು ವರ್ಷದ ಒಳಗೆ ಪ್ರಶ್ನಿಸಬಹುದು. ಒಟ್ಟು ಕುಟುಂಬದ ಹೊಲಕ್ಕೆ ಈ ಲೆಕ್ಕ ಬೇರೆ. ಹಾಗಾಗಿ ಹಳೆಯ ಉತಾರ ಎಲ್ಲ ತೆಗೆಸಿಕೊಂಡು ವಕೀಲರಿಗೆ ತೋರಿಸಿದರೆ ಒಳ್ಳೆಯದು.

ಗೋಕಾಕ, ಇಬ್ಬರು ಮಕ್ಕಳ ತಾಯಿ

ಮ್ಯಾಲಿನ ಅಣ್ಣಾರು ಹೇಳಿದ್ದು ಖರೆ. ಆದ್ರ ನಂದೂ ಒಂದು ಮಾತು ಇರಲಿ. ನಾನು ನನ್ನ ಪಾಲು ಅಣ್ಣಂದಿರಿಗೆ ಬಿಟ್ಟುಕೊಟ್ಟಾಕಿ, ಮನಸಾರೆ. ಪಂಚಮಿಗೆ ಇವತ್ತಿಗೂ ಕರಿಯಾಕ ಬರ್ತಾರ. ಅವ್ವ ಅಪ್ಪನ್ನ ಕಡೀ ತನಕ ನೋಡಿಕೊಂಡವರು ಅವರ. ತವರಿನವರನ್ನೆಲ್ಲ ಕಳ್ಳರಂಗ ನೋಡೂದು ಬ್ಯಾಡ್ರಿ. ಆ ಸಂಬಂಧಕ್ಕೂ ಬೆಲೆ ಐತಿ.

ಆದ್ರ ನಾ ಸಹಿ ಮಾಡೂವಾಗ ನನಗ ನೌಕರಿ ಇತ್ತು, ಮನಿ ಇತ್ತು, ಎಷ್ಟು ಎಕರೆ ಬಿಡಾಕತ್ತೀನಿ ಅನ್ನೂದು ಗೊತ್ತಿತ್ತು. ಹದಿನೆಂಟಕ್ಕ ಇದ್ಯಾವುದೂ ಇರೂದಿಲ್ಲ. ಕೊಡೂದಿದ್ರ ಮುಂದ ಕೊಡಾಕ ಬರತೈತಿ. ಡಿಗ್ರಿ ಮುಗಿಯೂ ತನಕ ಯಾವ ಬಿಡುಗಡೆ ಪತ್ರಕ್ಕೂ ಕೈ ಹಚ್ಚಬ್ಯಾಡ ಮಗಳ.

ಮುದ್ದೇಬಿಹಾಳ ತಾಲೂಕು, ಅಂಗನವಾಡಿ ಕಾರ್ಯಕರ್ತೆ

ಲಗ್ನದ ಮಾತಿಗೆ ನಾ ಉತ್ತರ ಕೊಡತೀನಿ, ಯಾಕಂದ್ರ ನಮ್ಮ ಕಡೆ ನಾ ದಿನಾ ನೋಡೂದು ಇದನ್ನ.

ಹದಿನೆಂಟು ತುಂಬೂದನ್ನ ಎಷ್ಟೋ ಮನಿಯಾಗ ಬೀಗರು ಕುಂತು ಕಾಯತಾರ. ತಾರೀಖು ಮೊದಲ ನೋಡಿ ಇಟ್ಟಿರತಾರ, ಅದು ದಾಟಿದ ವಾರದಾಗ ಅಕ್ಕಿಕಾಳು. ಕಾನೂನು ಹೇಳಿದ್ದು ಹದಿನೆಂಟರ ಒಳಗ ಹುಡುಗಿ ಲಗ್ನ ಮಾಡಬಾರದು, ಇಪ್ಪತ್ತೊಂದರ ಒಳಗ ಹುಡುಗನ ಲಗ್ನ ಮಾಡಬಾರದು ಅಂತ. ಹದಿನೆಂಟಕ್ಕ ಮಾಡಲೇಬೇಕು ಅಂತ ಎಲ್ಲಿಯೂ ಹೇಳಿಲ್ಲ. ಇನ್ನ ಮ್ಯಾಲ ನಿನ್ನ ಒಪ್ಪಿಗಿ ಇಲ್ಲದ ಯಾರೂ ನಿನ್ನ ಲಗ್ನ ಮಾಡಂಗಿಲ್ಲ. ಅವ್ವನೂ ಮಾಡಂಗಿಲ್ಲ, ಅತ್ತಿನೂ ಮಾಡಂಗಿಲ್ಲ. ನನ್ನ ಪ್ರಕಾರ ಹದಿನೆಂಟು ಕೊಡೂ ದೊಡ್ಡ ಸ್ವಾತಂತ್ರ್ಯ ಅಂದ್ರ ಇದ.

ಅತ್ತಿ ಕೂಡ ಜಗಳಾ ಮಾಡಬ್ಯಾಡ. ಕಾಲೇಜಿನ ಅಡ್ಮಿಷನ್ ಮೊದಲ ಮಾಡಿಸಿಬಿಡು. ಫೀ ಕಟ್ಟಿ ಹಾಸ್ಟೆಲ್ ಸಿಕ್ಕ ಹುಡುಗಿಗೆ ಗಂಡು ನೋಡೂ ಅವಸರ ಮನಿಯಾಗ ತಾನ ಕಮ್ಮಿ ಆಗತೈತಿ. ವಿಜಯಪುರದಾಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಐತಿ, ‘ಹೆಣ್ಣುಮಕ್ಕಳದ ಅಷ್ಟ’ ಅಂದ್ರ ನಮ್ಮ ಹಳ್ಳಿ ಹಿರ್ಯಾರು ಬ್ಯಾಗನ ಹೂಂ ಅಂತಾರ. ಒತ್ತಾಯ ವಿಪರೀತ ಆದ್ರ ಮಹಿಳಾ ಸಹಾಯವಾಣಿ 181 ಐತಿ. ಹದಿನೆಂಟರ ಒಳಗಿನ ತಂಗಿ ಇದ್ರ ಆಕಿಗೆ ಮಕ್ಕಳ ಸಹಾಯವಾಣಿ 1098.

ಇನ್ನೊಂದು. ನಿಮ್ಮದು ಬಿಪಿಎಲ್ ಕಾರ್ಡ್ ಇದ್ರ ಅವ್ವನ ಟ್ರಂಕಿನಾಗ ಭಾಗ್ಯಲಕ್ಷ್ಮಿ ಬಾಂಡ್ ಐತೇನು ನೋಡು. 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಕ್ಕಳಿಗೆ ಮಾಡಿದ ಯೋಜನೆ ಅದು. ಎಂಟನೇತ್ತೆ ತನಕ ಕಲಿತಿರಬೇಕು, ಹದಿನೆಂಟರ ಒಳಗ ಲಗ್ನ ಆಗಿರಬಾರದು. ಬಾಂಡ್, ಆಧಾರ್, ಶಾಲಿ ಸರ್ಟಿಫಿಕೇಟ್, ನಿನ್ನ ಹೆಸರಿನ ಪಾಸ್‌ಬುಕ್ ತಗೊಂಡು ನಿಮ್ಮೂರ ಅಂಗನವಾಡಿಗೆ ಹೋಗು, ಅಲ್ಲಿಂದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಕಳಿಸತಾರ. ಹುಟ್ಟಿದ ವರ್ಷದ ಮ್ಯಾಲ ಮೊತ್ತ ಬ್ಯಾರೆ ಬ್ಯಾರೆ. ಬಾಂಡಿನಾಗ ಹೆಸರು ಒಂದು, ಆಧಾರಿನಾಗ ಇನ್ನೊಂದು ಇದ್ರ ಈಗ ಸರಿ ಮಾಡಿಸು. ಆ ರೊಕ್ಕ ನಿನ್ನ ಓದಿಗೆ. ಲಗ್ನದ ಖರ್ಚಿಗೆ ಅಂತ ಯಾರಾದ್ರೂ ಅಂದ್ರ ಕೊಡಬ್ಯಾಡ.

ವಿಜಯಪುರ, ಬ್ಯಾಂಕ್ ನೌಕರ

ಅವರ ಮಾತು ಮುಂದುವರಿಸುತ್ತೇನೆ, ಆ ಹಣ ಬರುವುದೇ ಖಾತೆಗಾದ್ದರಿಂದ. ಹದಿನೆಂಟು ತುಂಬಿದ ಮೇಲೆ ಮೈನರ್ ಖಾತೆಯನ್ನು ಪಾಲಕರು ನಡೆಸಲು ಬರುವುದಿಲ್ಲ. ಹೊಸ ಫಾರ್ಮ್, ಫೋಟೊ, ನಿಮ್ಮ ಮಾದರಿ ಸಹಿ, ಕೆವೈಸಿ ಕೊಡುವ ತನಕ ಹಣ ತೆಗೆಯುವುದನ್ನು ಬ್ಯಾಂಕ್ ನಿಲ್ಲಿಸುತ್ತದೆ. ಸ್ಕಾಲರ್‌ಶಿಪ್ ಬಂದು ಕೂತಿರುತ್ತದೆ, ತೆಗೆಯಲು ಆಗುವುದಿಲ್ಲ. ಆದ್ದರಿಂದ ಹುಟ್ಟುಹಬ್ಬ ದಾಟಿದ ಕೂಡಲೇ ಅವ್ವನ ಜೊತೆ ಬ್ಯಾಂಕಿಗೆ ಹೋಗಿ. ಚಿಕ್ಕಂದಿನಲ್ಲಿ ಪ್ಯಾನ್ ಮಾಡಿಸಿದ್ದರೆ ಅದರಲ್ಲಿ ಫೋಟೊ, ಸಹಿ ಇರುವುದಿಲ್ಲ, ತಿದ್ದುಪಡಿಗೆ ಅರ್ಜಿ ಹಾಕಿ. ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ಇನ್ನು ನೀವೇ ನಡೆಸಬೇಕು. ಓದಿಗಾಗಿ ಅರ್ಧದ ತನಕ ತೆಗೆಯಬಹುದು.

ನನಗೆ ಹೆಚ್ಚು ಚಿಂತೆ ಇರುವುದು ಬೇರೆ ವಿಷಯದ ಬಗ್ಗೆ. ಹೊಸದಾಗಿ ಹದಿನೆಂಟು ತುಂಬಿದ ಕಾಲೇಜು ಮಕ್ಕಳನ್ನೇ ಹುಡುಕಿಕೊಂಡು ಬರುವವರಿದ್ದಾರೆ. ‘ಖಾತೆ ತೆರೆದು ಎಟಿಎಂ, ಸಿಮ್ ನಮಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಎನ್ನುತ್ತಾರೆ. ಎಲ್ಲೋ ಯಾರನ್ನೋ ಮೋಸ ಮಾಡಿದ ಹಣ ಆ ಖಾತೆಯ ಮೇಲೆ ಹಾದುಹೋಗುತ್ತದೆ. ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ‘ನನಗೇನೂ ಗೊತ್ತಿರಲಿಲ್ಲ ಸರ್’ ಎಂದು ಕೌಂಟರ್ ಮುಂದೆ ಅಳುವ ಹುಡುಗರನ್ನು ನೋಡಿದಾಗ ಹೊಟ್ಟೆ ಕಿವುಚುತ್ತದೆ. ಹದಿನೆಂಟರ ನಂತರ ಬಾಲ ನ್ಯಾಯ ಮಂಡಳಿ ಇಲ್ಲ, ನೇರ ಕೋರ್ಟು. ನಿಮ್ಮ ಹಣವೇ ಮೋಸ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಜಾಮೀನೂ ಅಷ್ಟೇ. ನಮ್ಮ ಕಡೆ ಬೀದಿಗೊಂದು ಪತ್ತಿನ ಸೊಸೈಟಿ. ಗೆಳೆಯನ ಬೈಕಿಗೆ, ಮಾವನ ಟ್ರ್ಯಾಕ್ಟರಿಗೆ ‘ಬರೇ ಒಂದು ಸಹಿ’ ಕೇಳುತ್ತಾರೆ. ಸಾಲ ತೆಗೆದವನಷ್ಟೇ ಜವಾಬ್ದಾರಿ ಜಾಮೀನುದಾರನಿಗೂ ಇದೆ. ಅವನನ್ನು ಬಿಟ್ಟು ಮೊದಲು ನಿಮ್ಮನ್ನೇ ಕೇಳಲೂ ಬರುತ್ತದೆ. ಸ್ವಂತ ದುಡಿಮೆ ಇಲ್ಲದವರು ಜಾಮೀನು ಆಗಲೇಬಾರದು.

ಬಸವನ ಬಾಗೇವಾಡಿ

ನಂದು ಹೋದ ವರ್ಷ ಆತು. ಅಪ್ಪ ರೋಡ್ ಆಕ್ಸಿಡೆಂಟಿನಾಗ ಹೋದಾಗ ಪರಿಹಾರದಾಗ ನನ್ನ ಪಾಲನ್ನ ಕೋರ್ಟು ನನ್ನ ಹೆಸರಿಗೆ ಎಫ್‌ಡಿ ಮಾಡಿಸಿತ್ತು, ಮೇಜರ್ ಆಗೂ ತನಕ. ಅಕ್ಕಾರ, ನಿಮ್ಮ ಅಪ್ಪಾರದೂ ಹಂಗ ಏನರ ಇದ್ರ ಆ ಆದೇಶದ ನಕಲು ತಗೀರಿ. ಕೆಲವು ಆದೇಶಕ್ಕ ಬ್ಯಾಂಕ್ ನೇರ ಕೊಡತೈತಿ, ಕೆಲವಕ್ಕ ಅದ ಕೋರ್ಟಿಗೆ ಅರ್ಜಿ ಹಾಕಬೇಕಾಗತೈತಿ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಹೊಲ ಹೋದ ಮನಿಗಳಾಗೂ ಮಕ್ಕಳ ಪಾಲು ಹಿಂಗ ಇಟ್ಟದ್ದು ಇರತೈತಿ.

ರೊಕ್ಕ ಬರತೈತಿ ಅಂತ ಸುದ್ದಿ ಆದ ಮ್ಯಾಲ ಮನಿಗೆ ಬರೂ ಮಂದಿ ಹೆಚ್ಚಾದ್ರು. ಒಬ್ರು ಪ್ಲಾಟ್ ಅಂದ್ರು, ಒಬ್ರು ಪಾಲುದಾರಿಕಿ ಅಂದ್ರು. ಅವ್ವ ಒಂದ ಮಾತು ಹೇಳಿದ್ಲು: ‘ನಿಮ್ಮಪ್ಪನ ಜೀವದ ರೊಕ್ಕ ಇದು.’ ಪೂರ್ತಿ ಮತ್ತ ಎಫ್‌ಡಿ ಮಾಡಿದ್ವಿ. ಬಡ್ಡಿ ಮ್ಯಾಲ ನಾ ಡಿಪ್ಲೊಮಾ ಓದಾಕತ್ತೀನಿ.

ಬೆಳಗಾವಿ, ಇಂಜಿನಿಯರಿಂಗ್ ವಿದ್ಯಾರ್ಥಿ

ಲೈಸನ್ಸಿನದು ಸುಲಭ ಐತ್ರಿ. ಆನ್‌ಲೈನ್ ಅರ್ಜಿ, ಎಲ್‌ಎಲ್ (ಕಲಿಕಾ ಲೈಸನ್ಸ್) ಬಂದ ಮೇಲೆ ಮೂವತ್ತು ದಿನ ಕಳೆದು ಟೆಸ್ಟ್. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಜಮಖಂಡಿಗೇ ಆರ್‌ಟಿಒ ಇದೆ, ಕೆಎ-48, ಬಾಗಲಕೋಟೆಗೆ ಹೋಗಬೇಕಿಲ್ಲ. ತಮ್ಮಂದಿರು ಹದಿನೆಂಟರ ಒಳಗೆ ಬೈಕ್ ಮುಟ್ಟದಂತೆ ನೋಡಿಕೊಳ್ಳಿ. ಸಿಕ್ಕಿಬಿದ್ದರೆ ಗಾಡಿ ಮಾಲೀಕರಿಗೆ 25,000 ದಂಡ, ಜೈಲೂ ಆಗಬಹುದು. ಹುಡುಗನಿಗೆ 25 ವಯಸ್ಸಿನ ತನಕ ಲೈಸನ್ಸ್ ಸಿಗುವುದಿಲ್ಲ.

ಅಥಣಿ, ಶಾಲಾ ಶಿಕ್ಷಕ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವನ್ನೂ ಮಾಡುವವರು

ಮತದಾನದ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ಜನವರಿ 1ಕ್ಕೆ ಹದಿನೆಂಟು ಆಗಿದ್ದವರಿಗೆ ಮಾತ್ರ ಅವಕಾಶವಿತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಸೇರಿ ವರ್ಷಕ್ಕೆ ನಾಲ್ಕು ತಾರೀಖು. ಹದಿನೇಳು ದಾಟಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರ್ಮ್ 6 ಮುಂಚಿತವಾಗಿಯೇ ಕೊಡಬಹುದು, ಅಂದರೆ ನೀನು ಇವತ್ತೇ ಕೊಡಬಹುದು. ಓದಿಗೆಂದು ಊರು ಬಿಟ್ಟು ಹೋಗುವ ಮುಂಚೆ ಊರಿನಲ್ಲೇ ಹೆಸರು ಹಚ್ಚಿಸು. ಸಂದೇಹ ಇದ್ದರೆ 1950ಕ್ಕೆ ಕರೆ ಮಾಡು.

ಪಟ್ಟಿಯಲ್ಲಿ ಹೆಸರು ಬಂದರೆ ಗ್ರಾಮಸಭೆಗೂ ನೀನು ಸದಸ್ಯೆ. ನಮ್ಮ ಕಡೆ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಹಿಂದೆ ಗೋಡೆಗೆ ಆತು ನಿಂತು ಹೋಗುತ್ತಾರೆ. ನೀನು ಮುಂದೆ ಕುಳಿತು ಬಸ್ಸಿನ ಮಾತೋ ನೀರಿನ ಮಾತೋ ಕೇಳಬೇಕು. ಹದಿನೆಂಟರ ಹುಡುಗಿ ಕೇಳಿದ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆಯಲೇಬೇಕಾದಾಗ ಪಂಚಾಯಿತಿಯವರ ಮುಖ ನೋಡಬೇಕು, ಆ ಸಂತೋಷವೇ ಬೇರೆ!

ಕೇಳಿದಾಕಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಬಾಂಡ್ ಟ್ರಂಕಿನಾಗ ಸಿಕ್ತು. ನಾಳೆ ಅವ್ವನ್ನ ಕರಕೊಂಡು ತಲಾಟಿ ಹತ್ರ ಹೊಂಟೀನಿ. ಕಾಕಾಗ ಏನಂತ ಹೇಳ್ಲಿ? ಅಪ್ಪ ಹೋದ ಮ್ಯಾಲ ಗಳೇ ಹೊಡದು, ಬೀಜ ಹಾಕಿ ಹೊಲ ನೋಡಿಕೊಂಡವರು ಅವರ. ಅವರ ಮನಸ ನೋಯಿಸಾಕ ನನಗ ಆಗೂದಿಲ್ಲ.

ಬಾಗಲಕೋಟೆ ನವನಗರ, ಗುಮಾಸ್ತ

ನೋಯಿಸಬೇಡ. ‘ಕಾಕಾ, ಕಾಗದದ ಕರಡು ಕೊಡ್ರಿ, ಅವ್ವಗ ಓದಿ ಹೇಳತೀನಿ, ಆಮ್ಯಾಲ ಹೋಗೂಣು’ ಅನ್ನು. ಇಷ್ಟು ಕೇಳುವುದು ಅನುಮಾನ ಅಲ್ಲ, ಸಹಿ ಮಾಡುವವರೆಲ್ಲ ಮಾಡಬೇಕಾದ ಕೆಲಸ. ಕಾಕಾ ದುಡಿದ ಹೊಲ ಕಾಕಾ ಅವರೇ ಮಾಡಿಕೊಂಡು ಹೋಗಲಿ. ಅದಕ್ಕೆ ನೀನು ಹಕ್ಕು ಬಿಡಬೇಕಾಗಿಲ್ಲ. ಪಾಲು ನಿನ್ನ ಹೆಸರಿನಲ್ಲಿದ್ದೇ ಬೆಳೆ ಅವರು ತೆಗೆಯಬಹುದು, ಮನೆಯ ಹಿರಿಯರ ಮುಂದೆ ಹಾಗೆ ಮಾತಾಡಿಕೊಳ್ಳಿ.

ಕರಡು ಸಿಕ್ಕರೆ ಅದರ ಫೋಟೊ ಇಲ್ಲಿ ಹಾಕಬೇಡ, ಸರ್ವೆ ನಂಬರು, ಆಧಾರ್ ಎಲ್ಲ ಇರುತ್ತದೆ. ಜಮಖಂಡಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆ ಪ್ರಕಾರ ಅಲ್ಲಿ ವಕೀಲರ ನೆರವು ಉಚಿತ. ಹೋಗುವ ಮುಂಚೆ 15100ಕ್ಕೆ ಫೋನ್ ಮಾಡಿ ಕೇಳಬಹುದು. ಉತಾರ, ಕರಡು, ಅಪ್ಪನ ಮರಣ ಪ್ರಮಾಣಪತ್ರ ಮೂರೂ ತಗೊಂಡು ಅವ್ವನ ಜೊತೆ ಹೋಗು.