ಅಜ್ಜಿಯನ್ನು ಎಬ್ಬಿಸಬೇಕೋ, ಮಲಗಿಸಬೇಕೋ

ದೊಡ್ಡಪ್ಪ: (ಫಾರ್ವರ್ಡ್) ಎಲ್ಲರೂ ತಪ್ಪದೆ ಓದಿ!! ಸೊಂಟದ ಮೂಳೆ ಆಪರೇಷನ್ ಆದ ಹಿರಿಯರನ್ನು ಆರು ವಾರ ಹಾಸಿಗೆಯಿಂದ ಎಬ್ಬಿಸಬೇಡಿ. ಹಾಕಿದ ರಾಡ್ ಸರಿದುಹೋಗುತ್ತದೆ. ಬೇಗ ನಡೆಸಿದ್ದಕ್ಕೇ ನಾಲ್ವರಲ್ಲಿ ಒಬ್ಬರು ವರ್ಷದೊಳಗೆ ಸಾಯುತ್ತಾರೆ. ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ನೋಡಿದಿರಾ? ನಿನ್ನೆ ಆಪರೇಷನ್ ಆಗಿದೆ, ಇವತ್ತು ಅಮ್ಮನನ್ನು ನಿಲ್ಲಿಸಲು ಹೊರಟಿದ್ದಾರೆ. ನಾನು ಬೇಡ ಅಂದಿದ್ದೇನೆ.

ಅತ್ತೆ: ಅಣ್ಣಾ, ಇಲ್ಲಿ ಪಕ್ಕದಲ್ಲಿ ಕೂತಿರುವವಳು ನಾನು. ನೀನು ಫೋನಿನಲ್ಲಿ ಕೂಗಾಡಿದ್ದಕ್ಕೆ ಫಿಸಿಯೋದವರು ಬಂದ ದಾರಿಯಲ್ಲೇ ವಾಪಸ್ ಹೋದರು.

ಅಕ್ಕ: ದೊಡ್ಡಪ್ಪ, ನಮ್ಮ ವಾರ್ಡಿನಲ್ಲಿ ಇಂಥವರನ್ನು ಮರುದಿನವೇ ಎಬ್ಬಿಸುತ್ತೇವೆ. ಕಾಲಿನ ಮೇಲೆ ಭಾರ ಬಿಡಲಿ ಅಂತಲೇ ರಾಡ್ ಹಾಕುವುದು. ಮಲಗಿಸಿಯೇ ಇಡುವುದಾದರೆ ಆಪರೇಷನ್ ಯಾಕೆ ಬೇಕಿತ್ತು?

ದೊಡ್ಡಪ್ಪ: ಹಾಗಾದರೆ ನಾಲ್ವರಲ್ಲಿ ಒಬ್ಬರು ಅನ್ನುವುದು ಸುಳ್ಳಾ?

ಅಕ್ಕ: ಲೆಕ್ಕ ಹೆಚ್ಚುಕಮ್ಮಿ ನಿಜ. ಕಾರಣ ಸುಳ್ಳು. ಮೊದಲಿಂದ ಇದ್ದ ಹೃದಯದ ಕಾಯಿಲೆ, ನಿಶ್ಶಕ್ತಿ ಒಂದು ಕಡೆ. ಮಲಗಿದಲ್ಲೇ ಇದ್ದರೆ ಅಂಟಿಕೊಳ್ಳುವ ತೊಂದರೆಗಳು ಇನ್ನೊಂದು ಕಡೆ. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು. ಒತ್ತಿದ ಜಾಗದಲ್ಲಿ ಹುಣ್ಣು. ಅತ್ತೆ, ಅಜ್ಜಿಯ ಹಿಮ್ಮಡಿ ನೋಡಿದಿರಾ?

ಅತ್ತೆ: ಈಗ ನೋಡಿದೆ. ಎಡಗಡೆದು ಕೆಂಪಾಗಿದೆ. ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳುತ್ತಿಲ್ಲ.

ಅಕ್ಕ: ಹುಣ್ಣು ಶುರುವಾಗುವುದೇ ಹಾಗೆ. ಈಗಲೇ ಸಿಸ್ಟರಿಗೆ ತೋರಿಸಿ. ಮೀನಖಂಡದ ಕೆಳಗೆ ದಿಂಬು ಇಡಿಸಿ, ಹಿಮ್ಮಡಿ ಹಾಸಿಗೆಗೆ ತಾಗಬಾರದು.

ಚಿಕ್ಕಪ್ಪ: ಅದಿರಲಿ, ರಾತ್ರಿ ಅಮ್ಮ ಗೋಡೆ ತುಂಬ ಇರುವೆ ಅಂದಳಂತೆ. ಪೂರ್ತಿ ಅರಿವಳಿಕೆ ಕೊಟ್ಟಿದ್ದೇ ತಪ್ಪು. ಬೆನ್ನಿಗೆ ಕೊಡಬೇಕಿತ್ತು.

ಅಕ್ಕ: ಚಿಕ್ಕಪ್ಪ, ಅಮೆರಿಕ, ಕೆನಡಾದಲ್ಲಿ 1,600 ಜನರಲ್ಲಿ ಇದನ್ನೇ ಹೋಲಿಸಿ ನೋಡಿದ್ದಾರೆ. 2021ರಲ್ಲಿ ಪ್ರಕಟವಾಯಿತು. ಬೆನ್ನಿಗೆ ಕೊಟ್ಟರೂ ಪೂರ್ತಿ ಅರಿವಳಿಕೆ ಕೊಟ್ಟರೂ ಸುಮಾರು ಐವರಲ್ಲಿ ಒಬ್ಬರಿಗೆ ಹೀಗೆ ಗಲಿಬಿಲಿ, ಅಂದರೆ ಡೆಲಿರಿಯಂ, ಆಗಿದೆ. ನೋವು ಕಮ್ಮಿಯಾಗಿದೆಯಾ, ಮೂತ್ರದ ಸೋಂಕು ಇದೆಯಾ, ಹೊಟ್ಟೆ ಕಟ್ಟಿದೆಯಾ, ರಕ್ತದಲ್ಲಿ ಸೋಡಿಯಂ ಇಳಿದಿದೆಯಾ, ಅದನ್ನು ನೋಡಬೇಕು. ಯೂರಿನ್ ಪೈಪ್ ಇನ್ನೂ ಇದೆಯಾ?

ಅತ್ತೆ: ಇದೆ.

ಅಕ್ಕ: ಯಾವಾಗ ತೆಗೆಯುತ್ತೀರಿ ಅಂತ ಕೇಳಿ. ಬೇಡದಿದ್ದರೂ ಬಿಟ್ಟರೆ ಸೋಂಕು ಬರುವುದೇ ಅಲ್ಲಿಂದ.

ನಾನು: ಇವತ್ತು ಏನೂ ಗಲಾಟೆ ಇಲ್ಲವಂತೆ, ತೆಪ್ಪಗೆ ಮಲಗಿದ್ದಾರಂತೆ. ವಾಸಿ ಅಲ್ವಾ?

ಅಕ್ಕ: ನನಗೆ ಅದೇ ಭಯ. ಕರೆದರೆ ಒಂದು ಸಲ ಕಣ್ಣು ಬಿಟ್ಟು ಮತ್ತೆ ಮಂಪರಿಗೆ ಜಾರಿದರೆ ಅದೂ ಡೆಲಿರಿಯಂ ಇರಬಹುದು. ಕೂಗಾಡುವವರ ಹತ್ತಿರ ಎಲ್ಲರೂ ಓಡುತ್ತಾರೆ, ಸುಮ್ನೆ ಮಲಗಿದವರನ್ನು ಯಾರೂ ಕೇಳುವುದಿಲ್ಲ. ಡಾಕ್ಟರಿಗೆ ಹೇಳಿ. ಕನ್ನಡಕ, ಕಿವಿ ಮಿಷನ್ ಹಾಕಿದ್ದೀರಾ?

ಅತ್ತೆ: ಎರಡೂ ಅಣ್ಣನ ಮನೆಯಲ್ಲಿವೆ. ಆಸ್ಪತ್ರೆಯಲ್ಲಿ ಕಳೆದುಹೋಗುತ್ತವೆ ಅಂತ ಅವನೇ ತೆಗೆದುಕೊಂಡು ಹೋದ.

ಚಿಕ್ಕಪ್ಪ: ಭೇಷ್.

ದೊಡ್ಡಪ್ಪ: ಅಷ್ಟು ದುಡ್ಡು ಕೊಟ್ಟ ವಸ್ತು, ತಂದಿಟ್ಟರೆ ತಪ್ಪೇನು? ನಿಲ್ಲಿಸುವಾಗ ಬಿದ್ದರೆ ಯಾರು ಹೊಣೆ, ಅದನ್ನು ಹೇಳಿ.

ಅಕ್ಕ: ಇಬ್ಬರು ಹಿಡಿದಿರುತ್ತಾರೆ, ವಾಕರ್ ಇರುತ್ತದೆ. ನೋವಿನ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಲಿ. ಮೊದಲು ಮಂಚದ ಅಂಚಿನಲ್ಲಿ ಕೂರಿಸಿ ಬಿಪಿ ನೋಡಲಿ, ತಲೆ ಸುತ್ತಬಹುದು. ನೀವು ಡಾಕ್ಟರ ಹತ್ತಿರ ಜಗಳ ಆಡಲೇಬೇಕು ಅಂದರೆ ಮೂಳೆ ಸವೆತದ ಔಷಧಿ ಯಾವಾಗ ಶುರು ಮಾಡುತ್ತೀರಿ ಅಂತ ಆಡಿ. ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು. ಒಂದು ಸಲ ಮುರಿದವರಿಗೆ ಇನ್ನೊಂದು ಮುರಿಯುವ ಅಪಾಯ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಡಿಸ್ಚಾರ್ಜ್ ಆದ ಮೇಲೆ ಎಷ್ಟು ದಿನ ಅಂತಲೂ ಕೇಳಿ. ಸಾಮಾನ್ಯವಾಗಿ ಒಂದು ತಿಂಗಳಷ್ಟು ಇರುತ್ತದೆ.

ದೊಡ್ಡಪ್ಪ: ನನಗೆ ಪಾಠ ಬೇಡ. ನಾಲ್ಕು ಗಂಟೆಗೆ ಬರುತ್ತೇನೆ. ನಾನು ಬಂದ ಮೇಲೇ ಎಬ್ಬಿಸಲಿ, ಒಂದು ಕಡೆ ನಾನೇ ಹಿಡಿದುಕೊಳ್ಳುತ್ತೇನೆ.

ಅಕ್ಕ: ಹಿಡಿಯುವುದು ಫಿಸಿಯೋದವರಿಗೆ ಬಿಡಿ. ನೀವು ಎದುರಿಗೆ ನಿಂತು ಮಾತಾಡಿಸಿ.

ಅತ್ತೆ: ಬರುವಾಗ ಕನ್ನಡಕ, ಕಿವಿ ಮಿಷನ್ ಎರಡೂ ತಾ ಅಣ್ಣಾ. ಮಿಷನ್‌ಗೆ ಹೊಸ ಸೆಲ್ ಹಾಕಿಕೊಂಡು ಬಾ.